ಐದು ಸಾವಿರ ವಾಟಿನ ಮೈಕ್‌ಸೆಟ್ಟು

ನಾಟಕಕ್ಕೆ ಹೊತ್ತಾಗಿತ್ತು, ರಾಜನ ಅಂಗಿ ಇನ್ನೂ ಮುದುಡಿಕೊಂಡೇ ಇತ್ತು. ವೇಷಭೂಷಣ ನೋಡಿಕೊಳ್ಳುವ ನೀಲವ್ವ ಇಸ್ತ್ರಿಪೆಟ್ಟಿಗೆ ಹಿಡಿದು ಬಂದರೆ, ಮೈಕ್‌ಸೆಟ್ಟಿನ ಗದಿಗೆಪ್ಪ ಪ್ಲಗ್ಗಿಗೆ ಅಡ್ಡ ನಿಂತ.

"ಯಕ್ಕಾ, ನಂದು ಐದು ಸಾವಿರ ವಾಟಿನ ಸೆಟ್ಟು. ಅದರ ಜೋಡಿ ಇಸ್ತ್ರಿ ಹಚ್ಚಿದ್ರ ಫ್ಯೂಸ್ ಹೋಗ್ತೈತಿ."

ಸೆಟ್ಟಿನಲ್ಲಿ ಹಾಡು ಪೂರ್ತಿ ಜೋರಾಗಿ ಮೊಳಗುತ್ತಿತ್ತು. ನೀಲವ್ವ ಅವನ ಬೋರ್ಡಿನ ಮೀಟರುಗಳನ್ನು ಬಗ್ಗಿ ನೋಡಿದಳು.

"ವೋಲ್ಟು ಇನ್ನೂರ ಮೂವತ್ತು, ಆಂಪಿಯರ್ ಎರಡು. ಗುಣಿಸಿದ್ರ ನಾನೂರ ಅರವತ್ತು ವಾಟು ಆತು. ಉಳಿದದ್ದು ಮನ್ಯಾಗ ಬಿಟ್ಟು ಬಂದೀಯೇನಪ್ಪ?"

ಗದಿಗೆಪ್ಪ ಪರದೆಯಾಚೆ ನಿಂತಿದ್ದ ನಾಟಕ ಕಂಪನಿಯ ಮಾಲೀಕರತ್ತ ಕಳ್ಳನೋಟ ಬೀರಿದ.

"ಮೆಲ್ಲಕ ಮಾತಾಡು ಯಕ್ಕಾ. ಅವರಿಗೆ ಐದು ಸಾವಿರ ವಾಟು ಅಂತ ಹೇಳಿ ಬಾಡಿಗಿ ತಗೊಂಡೀನಿ," ಎನ್ನುತ್ತ ತಾನೇ ಇಸ್ತ್ರಿಯ ಪ್ಲಗ್ ಚುಚ್ಚಿಕೊಟ್ಟ.

ನೀಲವ್ವ ರಾಜನ ಅಂಗಿ ಹಾಸಿದಳು.

"ನಿನ್ನ ಅಂಗಿನೂ ಬಿಚ್ಚಿಕೊಡು. ಅಷ್ಟೊಂದು ವಾಟು ಹೊತ್ತು ಮುದುಡಿ ಹೋಗೈತಿ."