ಹಾವು ಎಲೆ ಮುಚ್ಚಿದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲವದು. ಬೆಟ್ಟಗಳ ಬಿಸಿ ಆರಿರಲಿಲ್ಲ. ಯಾವ ಕಡೆಗೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೋಗಿ ಬರುತ್ತಿತ್ತು. ಆಗ ಹಾವುಗಳು ಸುರುಳಿ ಸುತ್ತುತ್ತಲೇ ಇರಲಿಲ್ಲ. ತಿಂದರೂ ನೆಟ್ಟಗೆ, ಮಲಗಿದರೂ ನೆಟ್ಟಗೆ, ಬಿದ್ದ ಕೋಲಿನ ಹಾಗೆ.

ಆ ಹೊಳೆಯ ದಂಡೆಯಲ್ಲಿ, ಒಂದು ಹಾಸುಬಂಡೆಯ ಪಕ್ಕ, ದ್ಯಾವಜ್ಜಿ ಎಂಬ ಮುದುಕಿ ಇದ್ದಳು. ಅವಳ ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಬಾಗಿಲಿಗೆ ಬಂದವರು ಉಣ್ಣದೆ ಹೋಗುವ ಮಾತೇ ಇಲ್ಲ. ಅವಳ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಉಣ್ಣುವವರು "ಸಾಕು" ಎಂದರೆ ನಂಬಬಾರದು. "ಬೇಡ" ಎಂದರೂ ನಂಬಬಾರದು. ಎರಡೂ ಕೈ ಚಾಚಿ, ಎಲೆ ಮುಚ್ಚಿ, ಅದರ ಮೇಲೆ ಬಗ್ಗಿ ಕೂತರೆ ಮಾತ್ರ ಹೊಟ್ಟೆ ತುಂಬಿದೆ ಎಂದು ತಿಳಿಯಬೇಕು. ಹಾಗೆ ಮುಚ್ಚಿದ ಎಲೆಗೆ ಒಂದು ಅಗುಳು ಬಡಿಸುವುದೂ ದೊಡ್ಡ ತಪ್ಪು.

ಉಂಡಾದ ಮೇಲೆ ಅಳಿಲು ಮುಂಗಾಲಿನಿಂದ ಎಲೆ ಮುಚ್ಚುತ್ತಿತ್ತು. ಕಾಗೆ ರೆಕ್ಕೆ ಹರಡಿ ಮುಚ್ಚುತ್ತಿತ್ತು. ಗಾಳಿಯಂತೂ ಎಲೆಯನ್ನೇ ಹಾರಿಸಿಕೊಂಡು ಓಡಿಬಿಡುತ್ತಿತ್ತು. "ನೋಡ್ರೋ, ಎರಡ್ನೇ ಮುದ್ದೆಗೇ ಓಡೋಯ್ತು!" ಎಂದು ದ್ಯಾವಜ್ಜಿ ಸೌಟು ಹಿಡಿದು ಬೈಯುತ್ತಿದ್ದಳು.

ಒಂದು ದಿನ ಹೊಳೆ ಒಂದು ಕೇರೆಹಾವಿನ ಮರಿಯನ್ನು ತಂದು ಅವಳ ಅಂಗಳದಲ್ಲಿ ಇಳಿಸಿತು.

"ಅಜ್ಜೀ, ಎಲ್ಲಿಂದಲೋ ತೇಲಿ ಬಂತು. ಇದಕ್ಕೆ ಯಾರೂ ಇಲ್ಲ. ನೀನೇ ಇಟ್ಕೊ."

ದ್ಯಾವಜ್ಜಿಗೂ ಯಾರೂ ಇರಲಿಲ್ಲ. ಮರಿಯ ಮೈ ನುಣ್ಣಗಿತ್ತೆಂದು ನುಣ್ಣಪ್ಪ ಎಂದು ಹೆಸರಿಟ್ಟಳು. ಬಿತ್ತನೆಯ ರಾಗಿ ತುಂಬಿಟ್ಟಿದ್ದ ನೆಲದೊಳಗಿನ ಕಣಜಕ್ಕೆ ಇಲಿಗಳ ಕಾಟವಿತ್ತು. ಅವಳು ಗಡಿಗೆ ಕವುಚಿ ಇಲಿ ಹಿಡಿದು, ಮರಿಯ ಮುಂದೆ ಒಂದು ಮುತ್ತುಗದೆಲೆ ಹಾಸಿ, ಅದರ ಮೇಲೆ ಬಡಿಸಿದಳು. ನುಣ್ಣಪ್ಪ ಒಂದನ್ನು ನುಂಗಿ ತಲೆ ಎತ್ತಿದ.

"ಸಾಕಜ್ಜಿ. ಇದು ಕರಗೋಕೇ ನಾಲ್ಕು ದಿನ ಬೇಕು."

"ಹಂಗಂದೋರೇ ಇನ್ನೆರಡು ತಿನ್ನೋದು. ತಿನ್ನಪ್ಪ, ಸಂಕೋಚ ಮಾಡ್ಕೋಬ್ಯಾಡ."

"ಬೇಡ ಅಜ್ಜಿ."

"ಎಲ್ಲಿ, ಎಲೆ ಮುಚ್ಚು ನೋಡಾನ?"

ನುಣ್ಣಪ್ಪ ತನ್ನ ಮೈಯನ್ನು ತುದಿಯಿಂದ ತುದಿಗೆ ನೋಡಿಕೊಂಡ. ಎಲೆ ಮುಚ್ಚಲು ಅವನಿಗೆ ಕೈಗಳೆಲ್ಲಿವೆ? ಅಜ್ಜಿಗೆ ಬೇಜಾರಾಗುತ್ತದೆಂದು ಇನ್ನೊಂದನ್ನೂ ನುಂಗಿದ.

ದಿನಾ ಹೀಗೇ ಆಯಿತು. ಒಂದು ತಿಂದರೆ ಇನ್ನೊಂದು, ಇನ್ನೊಂದು ತಿಂದರೆ ಮತ್ತೊಂದು. ಮಕ್ಕಳಿಗೆ ತುತ್ತಿಡುವ ಹಾಗೆ ದ್ಯಾವಜ್ಜಿ ಕೈಯಿಂದಲೇ ಉಣಿಸುತ್ತಿದ್ದಳು. ಒಂದು ಬೆಳಿಗ್ಗೆ ಇಲಿಯ ವಾಸನೆ ಹತ್ತಿದ ಅವಳ ಬೆರಳನ್ನೇ ನುಣ್ಣಪ್ಪ ಇಲಿಯೆಂದು ಹಿಡಿದುಬಿಟ್ಟ. ಅಜ್ಜಿ "ಅಯ್ಯಪ್ಪೋ" ಎಂದಳು. ನುಣ್ಣಪ್ಪ ನಾಚಿಕೆಯಿಂದ ಒಲೆಯ ಹಿಂದೆ ಅಡಗಿದ.

"ನಿನ್ನ ತಪ್ಪಲ್ಲ ಬಾರೋ, ಬೆರಳು ನಾರಿದ್ದು ನಂದು," ಎಂದು ಅವಳು ಗಾಯ ತೊಳೆದು ಅರಿಶಿನ ಮೆತ್ತಿಕೊಂಡಳು. ಅಂದಿನಿಂದ ಬಿದಿರು ಸೀಳಿ ಮಾಡಿದ ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡತೊಡಗಿದಳು. ಅಷ್ಟು ಬುದ್ಧಿ ಬಂತು. ಆದರೆ "ಇನ್ನೊಂದು" ಮಾತ್ರ ನಿಲ್ಲಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ನುಣ್ಣಪ್ಪ ಒನಕೆಯಷ್ಟು ದಪ್ಪನಾದ. ಕಣಜದ ಬಾಯೊಳಗೆ ಅವನ ತಲೆ ಹೋದರೆ ಹೊಟ್ಟೆ ಹೋಗದು. ಒಳಗೆ ಇಲಿಗಳು ರಾಗಿ ಮುಕ್ಕುತ್ತಾ, "ನುಣ್ಣಪ್ಪಣ್ಣಾ, ಒಳಕ್ಕೆ ಬಾರಣ್ಣಾ!" ಎಂದು ಅಣಕಿಸಿದವು.

ದ್ಯಾವಜ್ಜಿಗೆ ತೋಚಿದ್ದು ಒಂದೇ: ಮಗ ಸೊರಗಿದ್ದಾನೆ, ಶಕ್ತಿ ಸಾಲದು. ಒಂದು ದೊಡ್ಡ ಹೆಗ್ಗಣವನ್ನೇ ಹಿಡಿದು ತಂದಳು. ಅದು ನುಣ್ಣಪ್ಪನ ನಡುವಿಗಿಂತ ದಪ್ಪವಿತ್ತು. ಪಾಪ, ಅವನು ಒದ್ದಾಡಿ ಒದ್ದಾಡಿ ನುಂಗಿದ. ನುಂಗಿದವನನ್ನು ಅವಳು ಸುಮ್ಮನೆಯಾದರೂ ಬಿಟ್ಟಳೇ? ಎತ್ತಿ ಮಡಿಲಲ್ಲಿ ಹಾಕಿಕೊಂಡು, ಬೆನ್ನು ತಟ್ಟಿ ತೂಗಿದಳು. ನುಣ್ಣಪ್ಪನ ಮೈಯೆಲ್ಲ ನಡುಗಿತು. ನುಂಗಿದ್ದೆಲ್ಲ ಹೊರಗೆ ಬಂತು. ತಲೆ ಅವಳ ಮೊಣಕಾಲಿನಿಂದ ಕೆಳಕ್ಕೆ ಜೋತುಬಿತ್ತು.

ಬೇಲಿಯ ಮೇಲಿದ್ದ ಕಾಗೆ ಹೇಳಿತು, "ಅಜ್ಜೀ, ನುಣ್ಣಪ್ಪ ಇನ್ನು ಉಳಿಯಲ್ಲ ಅನ್ಸುತ್ತೆ."

"ಉಪವಾಸ ಕೆಡವಿ ಕೊಂದೋರ ಸುದ್ದಿ ಕೇಳಿದ್ದೆ. ನಾನು ಉಣ್ಸಿ ಉಣ್ಸಿ ಕೊಂದ್ನಲ್ಲೋ ಮಗ!" ಎಂದು ದ್ಯಾವಜ್ಜಿ ಬಾಯಿ ಬಿಟ್ಟು ಅತ್ತಳು.

ಆಗ ಅಂಗಳದ ಪಕ್ಕದ ಹಾಸುಬಂಡೆ ಮಾತಾಡಿತು. ಅದು ಮಾತಾಡುವುದೇ ವರ್ಷಕ್ಕೊಮ್ಮೆ.

"ನನ್ನ ಮೇಲೆ ಮಲಗಿಸು. ನನ್ನಲ್ಲಿ ಬಿಸಿಲಿದೆ. ಪಕ್ಕದಲ್ಲಿ ಒಂದು ಬೋಗುಣಿ ನೀರಿಡು. ಆಮೇಲೆ ಮುಟ್ಟಬೇಡ, ಎತ್ತಬೇಡ, ಉಣಿಸಬೇಡ. ಅವನಾಗಿ ಕೇಳುವವರೆಗೆ ಕಾಯಿ."

"ಎಷ್ಟು ದಿನ?"

ಬಂಡೆ ಅಷ್ಟು ಹೊತ್ತಿಗೆ ಬಾಯಿ ಮುಚ್ಚಿಯಾಗಿತ್ತು.

ದ್ಯಾವಜ್ಜಿ ಕಾದಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಮೂರನೆಯ ದಿನ ಒಂದು ಇಲಿಮರಿ ಹಿಡಿದು ಬಂಡೆಯವರೆಗೆ ಹೋದಳು, ಹಿಂದಿರುಗಿದಳು. ಐದನೆಯ ದಿನವೂ ಹೋದಳು, ಹಿಂದಿರುಗಿದಳು. ಎಂಟನೆಯ ದಿನ ತನ್ನ ಕೈಗಳ ಮೇಲೆ ನಂಬಿಕೆ ಸಾಲದೆ ಅವನ್ನು ಕಂಕುಳಲ್ಲಿ ಇರುಕಿಕೊಂಡು ಕೂತಳು. ಗಾಳಿ ಬಂದು, "ಅಜ್ಜೀ, ಊಟ?" ಎಂದರೆ, "ಇವತ್ತು ನೀನೇ ಬಡಿಸ್ಕೊಂಡು ತಿನ್ನು ಹೋಗಪ್ಪ," ಎಂದಳು. ಗಾಳಿಗೇ ಗಾಬರಿಯಾಯಿತು.

ಹದಿನೈದನೆಯ ಬೆಳಿಗ್ಗೆ ನುಣ್ಣಪ್ಪನ ನಾಲಿಗೆ ಸರಕ್ಕನೆ ಹೊರಬಂತು.

"ಅಜ್ಜೀ, ಹಸಿವು."

ದ್ಯಾವಜ್ಜಿಗೆ ಕಣ್ಣು ತುಂಬಿ ದಾರಿಯೇ ಕಾಣಲಿಲ್ಲ. ಹಿಡಿದಿದ್ದ ಇಲಿಗಳಲ್ಲಿ ಸಣ್ಣದೊಂದನ್ನು ಆರಿಸಿದಳು. ಅವನ ನಡುವಿಗಿಂತ ಎಷ್ಟೋ ತೆಳ್ಳಗಿದೆಯೆಂದು ಎರಡು ಸಲ ನೋಡಿದಳು. ಎಲೆ ಹಾಸಿ, ಇಕ್ಕಳದಿಂದ ಬಡಿಸಿ, ದೂರ ನಿಂತಳು. ನುಣ್ಣಪ್ಪ ನಿಧಾನವಾಗಿ ನುಂಗಿದ.

ಆದರೆ ಅಜ್ಜಿಗೆ ಹುಟ್ಟಿನಿಂದ ಬಂದ ನಾಲಿಗೆ ಕೇಳಬೇಕಲ್ಲ!

"ಇನ್ನೊಂ..." ಎಂದುಬಿಟ್ಟಳು ದ್ಯಾವಜ್ಜಿ. ಇಕ್ಕಳವೂ ತಾನಾಗಿ ಮೇಲೆದ್ದಿತು.

ನುಣ್ಣಪ್ಪ ಅವಳನ್ನು ನೋಡಿದ. ಖಾಲಿ ಎಲೆಯನ್ನು ನೋಡಿದ. ಹಿಂದೆ ನೆಟ್ಟಗೆ ಬಿದ್ದಿದ್ದ ತನ್ನ ಮೈಯನ್ನು ನೋಡಿದ. ಆಮೇಲೆ, ಈ ಭೂಮಿಯ ಮೇಲೆ ಅದುವರೆಗೆ ಯಾವ ಹಾವೂ ಮಾಡದ ಕೆಲಸ ಮಾಡಿದ. ಬಾಲವನ್ನು ಎಳೆದುಕೊಂಡ. ಎಲೆಯ ಮೇಲೆ ಒಂದು ಸುತ್ತು ಸುತ್ತಿದ. ಅದರ ಮೇಲೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಎಲೆಯ ಚೂರೂ ಕಾಣದ ಹಾಗೆ ಮುಚ್ಚಿ, ನಡುವೆ ತಲೆ ಹುದುಗಿಸಿ ಮಲಗಿದ.

ಮೇಲೆದ್ದ ಇಕ್ಕಳವನ್ನು ದ್ಯಾವಜ್ಜಿ ಕೆಳಗಿಳಿಸಿದಳು.

"ಎಲೆ ಮುಚ್ಚಿದ! ನನ್ನ ಮಗ ಎಲೆ ಮುಚ್ಚಿದ ಕಣ್ರೋ!" ಎಂದು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಇಕ್ಕಳವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿದಳು. ಆ ಸುರುಳಿ ತಾನಾಗಿ ಬಿಚ್ಚುವವರೆಗೆ ಹತ್ತಿರ ಸುಳಿಯಲಿಲ್ಲ. ದಿನ ಕಳೆದಂತೆ ನುಣ್ಣಪ್ಪ ಹದವಾಗಿ ತೆಳ್ಳಗಾದ. ಒಂದು ಮುಂಜಾನೆ ಸರ್ರನೆ ಕಣಜಕ್ಕಿಳಿದ. ಇಲಿಗಳಿಗೆ ಅಣಕಿಸಲು ಹೊತ್ತೇ ಸಿಗಲಿಲ್ಲ. ಮುಂದಿನ ಮಳೆಗಾಲದ ಬಿತ್ತನೆಗೆ ರಾಗಿ ಉಳಿಯಿತು, ಹೊಲವೆಲ್ಲ ಹಸಿರಾಯಿತು.

ನುಣ್ಣಪ್ಪ ಸುರುಳಿ ಸುತ್ತುವುದನ್ನು ತನ್ನ ಮಕ್ಕಳಿಗೆ ಕಲಿಸಿದ. ಅವು ಬೇರೆ ಹಾವುಗಳಿಗೆ ಕಲಿಸಿದವು.

ಅದಕ್ಕೇ ಪುಟ್ಟಾ, ಇವತ್ತಿಗೂ ಹಾವು ಉಂಡ ಮೇಲೆ ಬೆಚ್ಚನೆಯ ಜಾಗ ಹುಡುಕಿ, ಸುತ್ತಿನ ಮೇಲೆ ಸುತ್ತು ಸುತ್ತಿ, ನಡುವೆ ತಲೆಯಿಟ್ಟು ಮಲಗುವುದು. ಅದು ತನ್ನ ಎಲೆ ಮುಚ್ಚಿದೆ, ದ್ಯಾವಜ್ಜಿಯಂಥ ದ್ಯಾವಜ್ಜಿಯೇ ಅಲ್ಲಿಗೆ ಕೈ ಹಿಂದಕ್ಕೆ ತೆಗೆದಳು, ನೀನೂ ದೂರದಿಂದ ನೋಡಿ ಸುಮ್ಮನೆ ಬಂದುಬಿಡು.