ತಾಯಿಯವರು ಹಿಮ ದಾಟಿದ ಬೆಳಗು

ಪೂಜ್ಯ ಗುರುಸಿದ್ಧಮ್ಮ ತಾಯಿಯವರು ಮೂಲತಃ ನರಗುಂದದ ಕಡೆಯವರು. ನಡುವಯಸ್ಸಿನಲ್ಲಿ ಹಿಮಾಲಯಕ್ಕೆ ಹೋದವರು ಅಲ್ಲಿಯೇ ನಿಂತುಬಿಟ್ಟರು. ದೇವದಾರು ಕಾಡು ಮುಗಿಯುವಲ್ಲಿ ಕಲ್ಲು ಒಟ್ಟಿ ಕಟ್ಟಿದ ಒಂದೇ ಕೋಣೆಯ ಕುಟೀರ, ಒಂದು ಒಲೆ, ಎರಡು ಕಂಬಳಿ. ಇಷ್ಟೇ ಅವರ ಸಂಸಾರ.

ಒಂದು ಮಾಘಮಾಸದಲ್ಲಿ ಇಳಕಲ್ಲಿನ ಗಣಿತದ ಮೇಷ್ಟ್ರು ಚನ್ನಮಲ್ಲಪ್ಪನವರು ಅವರ ಬಾಗಿಲಿಗೆ ಬಂದರು. ಮೇಷ್ಟ್ರ ತಮ್ಮ ಶಿವಪುತ್ರ ಸಂನ್ಯಾಸ ಸ್ವೀಕರಿಸಿ, ಕುಟೀರದಿಂದ ಎರಡು ತಾಸಿನ ದಾರಿಯ ಗುಹೆಯೊಂದರಲ್ಲಿದ್ದ. ಅವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿದೆಯೆಂಬ ಸುದ್ದಿ ತಿಳಿದು ಮೇಷ್ಟ್ರು ಔಷಧ ಹಿಡಿದು ಹೊರಟಿದ್ದರು. ಕುಟೀರ ಸೇರಿದ ದಿನವೇ ಹಿಮಗಾಳಿ ಎದ್ದಿತು. ಮೂರು ದಿನ ಬಾಗಿಲು ತೆರೆಯಲಾಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮೇಷ್ಟ್ರು ಚೀಲ ಹೆಗಲಿಗೇರಿಸಿದರು.

“ಇವತ್ತು ಬ್ಯಾಡಪ್ಪಾ,” ಎಂದರು ತಾಯಿಯವರು.

“ಬಿಸಿಲು ಬಿದ್ದೈತಲ್ಲ ಯವ್ವಾ! ಅಲ್ಲಿ ನನ್ನ ತಮ್ಮ ಉಸಿರಿಗೆ ಒದ್ದಾಡಾಕತ್ತಾನ.”

“ಹೊಸ ಹಿಮ ಇನ್ನೂ ಹಳೇದರ ಮ್ಯಾಲ ಕೂತಿಲ್ಲ. ಈ ಬಿಸಿಲಿಗೇ ಅಂಜಬೇಕು.”

ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ದೇಹವೆಂಬುದು ಹಳೆಯ ಅಂಗಿ ಎಂದು ನಿನ್ನೆಯಷ್ಟೇ ಹೇಳಿದ್ದ ತಾಯಿಯವರೇ ಇಂದು ಅಂಜು ಎನ್ನುತ್ತಿದ್ದಾರೆ. ಇವರು ಜ್ಞಾನಿಗಳೋ, ಬರೀ ಹೆದರಿದ ಮುದುಕಿಯೋ? ತಮ್ಮನ ಮೇಲೆ ಇವರಿಗೆ ಕರುಣೆಯಿಲ್ಲವೋ, ತನಗೇ ಬುದ್ಧಿಯಿಲ್ಲವೋ? ತಾಯಿಯವರು ಆಗಾಗ ಹೊರಗೆ ಹೋಗಿ ಹಿಮದಲ್ಲಿ ಕೋಲು ಊರಿ ನೋಡುವರು. ಕಾಲಡಿಯ ಹಿಮ ‘ದುಪ್’ ಎಂದು ಕುಸಿದರೆ ಹಿಂತಿರುಗುವರು. ಬೆಟ್ಟದ ಮೇಲೆಲ್ಲೋ ಗುಡುಗಿನಂಥ ಸದ್ದಾಗುತ್ತಿತ್ತು. ಮೋಡವಿಲ್ಲದ ಗುಡುಗು ಮೇಷ್ಟ್ರ ತಲೆಯನ್ನು ಇನ್ನಷ್ಟು ಕೆಡಿಸಿತು. ಎರಡು ದಿನ ಹೀಗೆಯೇ ಕಳೆಯಿತು.

ಮೂರನೆಯ ದಿನ ಸೂರ್ಯ ಮೂಡುವ ಮೊದಲೇ ತಾಯಿಯವರು ಎಬ್ಬಿಸಿದರು. ಹಿಮ ರಾತ್ರಿಯ ಚಳಿಗೆ ಗಟ್ಟಿಯಾಗಿತ್ತು. ಬಾಗಿಲ ಮುಂದಿನ ಹಿಮ ಎತ್ತುವ ಸಲಿಕೆಯನ್ನು ಮೇಷ್ಟ್ರ ಕೈಗಿತ್ತರು. ಹತ್ತಿರದ ಕಾಲುದಾರಿಯನ್ನು ಬಿಟ್ಟು, ಗಾಳಿಗೆ ಬಂಡೆ ಬರಿದಾಗಿದ್ದ ದಿಣ್ಣೆಯ ನೆತ್ತಿಯ ಮೇಲೆಯೇ ನಡೆಸಿದರು. ಕೊನೆಗೆ ಒಂದು ಇಳಿಜಾರು ಮಾತ್ರ ದಾಟದೆ ವಿಧಿಯಿರಲಿಲ್ಲ. ಅಲ್ಲಿ ಅವರು, ಹಿಮ ಜಾರಿದರೆ ಚೀಲ ಥಟ್ಟನೆ ಕಳಚಲು ಬರಲೆಂದು, ಮೇಷ್ಟ್ರ ಚೀಲದ ಪಟ್ಟಿ ಸಡಿಲಿಸಿದರು.

“ಮೊದಲ ನೀ ದಾಟು. ನಾ ನೋಡ್ತಿರ್ತೀನಿ. ಆಮ್ಯಾಲ ನಾ ಬರ್ತೀನಿ, ನೀ ನನ್ನ ಮ್ಯಾಲಿನ ಕಣ್ಣು ಕೀಳಬ್ಯಾಡ.”

“ಒಬ್ಬನ್ನ ಕಳಸ್ತೀರೇನು? ಕೈ ಹಿಡಕೊಂಡು ಕೂಡೇ ಹೋಗೋಣು.”

“ಇಬ್ರೂ ಹೂತರ ತೋಡಾವ್ರು ಯಾರು?”

ಮೇಷ್ಟ್ರು ದಾಟಿ ಆಚೆಯ ಬಂಡೆ ಹತ್ತಿ ತಿರುಗಿ ನೋಡಿದರು. ತಾಯಿಯವರು ನಡುಮಧ್ಯೆ ಬಂದಾಗ ಮೇಲೆ ಹಿಮ ಗೆರೆ ಎಳೆದಂತೆ ಬಿರಿಯಿತು. ಮೋಡವಿಲ್ಲದ ಅದೇ ಗುಡುಗಿನ ಸದ್ದಿನೊಡನೆ ಇಳಿಜಾರೇ ಚಾಪೆಯಂತೆ ಜಾರಿತು. ಕಾವಿಬಟ್ಟೆ ಉರುಳಿತು, ಒಮ್ಮೆ ಮೇಲೆದ್ದಿತು, ಕರಿಬಂಡೆಯೊಂದರ ಕೆಳಗೆ ಮರೆಯಾಯಿತು. ಮೇಷ್ಟ್ರು ರೆಪ್ಪೆ ಮಿಟುಕಿಸಿರಲಿಲ್ಲ.

ಹಿಮ ನಿಂತ ಕೂಡಲೇ ಇಳಿದು ಓಡಿದರು. ಆ ಬಂಡೆಯ ಕೆಳಗೆಯೇ ತೋಡಿದರು. ಸಲಿಕೆಗೆ ಮೊದಲು ಸೆರಗು ಸಿಕ್ಕಿತು, ಆಮೇಲೆ ಕೈಯಿಂದಲೇ ಬಗೆದು ಮುಖ ಬಿಡಿಸಿದರು. ತುಟಿ ನೀಲಿಯಾಗಿತ್ತು. ಬಾಯಿಂದ ಹಿಮ ತೆಗೆದಾಗ ತಾಯಿಯವರು ಕೆಮ್ಮಿ ಉಸಿರೆಳೆದರು.

“ಮ್ಯಾಲ ನೋಡು,” ಎಂದರು. “ಇನ್ನೂ ಬರೂದೈತೇನು?”

ಇನ್ನೇನೂ ಬರಲಿಲ್ಲ. ಮೇಷ್ಟ್ರು ಅವರನ್ನು ಬೆನ್ನಮೇಲೆ ಹೊತ್ತು ಗುಹೆ ಸೇರಿದರು.

ಶಿವಪುತ್ರ ಬದುಕಿದ್ದ. ಎದ್ದು ಕೂರಲು ತ್ರಾಣವಿರಲಿಲ್ಲ. ಔಷಧ ಒಳಗಿಳಿಯಿತು. ಇವನನ್ನು ಬೈದು ಊರಿಗೆ ಎಳೆದೊಯ್ಯಬೇಕೆಂದು ಬಂದಿದ್ದ ಮೇಷ್ಟ್ರಿಗೆ ಆ ಮಾತು ನೆನಪಿಗೇ ಬರಲಿಲ್ಲ. ತಾಯಿಯವರ ಕಾಲುಗಳು ಮರಗಟ್ಟಿ ಬಿಳಚಿಕೊಂಡಿದ್ದವು. ಯಾವ ಸಾಧುವಿನ ಮುಂದೆಯೂ ಬಾಗದಿದ್ದ ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚಿ, ಆ ಎರಡೂ ಪಾದಗಳನ್ನು ತನ್ನ ಬರಿಯ ಹೊಟ್ಟೆಗೆ ಒತ್ತಿಕೊಂಡು ಕುಳಿತರು.

ಮಲಗಿದ್ದಲ್ಲಿಂದಲೇ ತಮ್ಮ ಬೆರಗಾಗಿ ಕೇಳಿದ: “ಅಣ್ಣಾ, ಏನಿದು?”

“ನನಗೂ ತಿಳೀವಲ್ದೋ,” ಎಂದರು ಮೇಷ್ಟ್ರು. ಕಣ್ಣಲ್ಲಿ ನೀರು ಧಾರೆಯಾಗಿತ್ತು. “ಬಿಸಿ ಬರೂತನಕ ಬಿಡಂಗಿಲ್ಲ, ನೋಡು.”