ಅಳತೆಕೋಲು ಮತ್ತು ಮೊಲದ ಕಿವಿಗಳು

ರೋಲರ್ ಕೋಸ್ಟರ್‌ನ ಬಾಗಿಲಲ್ಲಿ ನಿಂತಿದ್ದ ಅಳತೆಕೋಲನ್ನು ತಾಯಿಮೊಲ ಕೇಳಿತು, "ಅಣ್ಣಾ, ಇದು ನನ್ನ ಮಕ್ಕಳಿಗೆ ಆಗುತ್ತದೆಯೇ?"

"ನನ್ನ ಗೆರೆ ಮುಟ್ಟಿದವರಿಗೆಲ್ಲ ಆಗುತ್ತದೆ," ಎಂದಿತು ಕೋಲು.

ಎರಡೂ ಮರಿಗಳು ಗೆರೆ ಮುಟ್ಟಿದವು. ಮೊಲಗಳನ್ನು ಅಳೆಯುವಾಗ ಕಿವಿಯನ್ನೂ ಸೇರಿಸುವುದು ವಾಡಿಕೆ.

"ಮುಂದಿನ ಸೀಟು ನನ್ನದು! ತಂಗಿ ಬೇಡ, ಅಳುತ್ತಾಳೆ," ಎಂದಿತು ದೊಡ್ಡ ಮರಿ.

"ತಡಿಯೋ, ಗಾಡಿ ಬರಲಿ, ನೋಡೋಣ," ಎಂದಿತು ತಾಯಿ.

ಗಾಡಿ ತಲೆಯ ಮೇಲೆ ಗಡಗಡನೆ ಹಾದುಹೋಯಿತು. ದೊಡ್ಡ ಮರಿಯ ಕಿವಿಗಳು ಬೆನ್ನಿಗೆ ಅಂಟಿಕೊಂಡವು; ಹೆದರಿದ ಮೊಲದ ಕಿವಿ ಹಾಗೆಯೇ. ಚಿಕ್ಕದರ ಕಿವಿಗಳು ಇನ್ನಷ್ಟು ನೆಟ್ಟಗಾದವು, ಅಂದರೆ ಅದಕ್ಕೆ ಕುತೂಹಲ.

"ಈಗ ಅಳೆಯಣ್ಣಾ," ಎಂದಿತು ತಾಯಿ.

"ದೊಡ್ಡವನು ನಾಲ್ಕು ಬೆರಳು ಕಡಿಮೆ!" ಎಂದಿತು ಕೋಲು.

ದೊಡ್ಡ ಮರಿ ನೆಮ್ಮದಿಯ ಉಸಿರು ಬಿಟ್ಟಿತು. "ತಂಗೀ, ನಿನ್ನ ಚಪ್ಪಲಿ ಕೊಡು, ನಾನು ಹಿಡಿದುಕೊಂಡಿರುತ್ತೇನೆ."